ನೀಲವ್ವನ ಚಿತ್ರಕ್ಕೆ ಕುಂಕುಮ

ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹುನಗುಂದದಲ್ಲಿ ಪೇಂಟರ್ ಆಗಿದ್ದೆ. ಸತ್ತವರ ಮುಖ ಬರೆಯುವುದು ನನ್ನ ಮುಖ್ಯ ಕೆಲಸ. ನಡುನಡುವೆ ಅಂಗಡಿಯ ಬೋರ್ಡು, ಶಾಲೆಯ ಗೋಡೆ, ಲಾರಿಯ ಹಿಂಬದಿಯ ಹದ್ದು, ಯಾವುದನ್ನೂ ಬಿಟ್ಟವನಲ್ಲ. ನಿವೃತ್ತಿಯ ದಿನ ನನಗೆ ಯಾರೂ ಶಾಲು ಹೊದಿಸಲಿಲ್ಲ. ಫ್ಲೆಕ್ಸ್ ಬಂತು, ಮೊಣಕಾಲು ಹೋಯಿತು, ಏಣಿ ಹತ್ತುವುದು ನಿಂತಿತು. ಒಂದು ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಬಂದೆ, ಅಷ್ಟೇ.

ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. “ನಿಮ್ಮ ಕಾಲದಾಗ ಈ ಕೆಲಸ ಹೆಂಗಿತ್ರಿ ಸರ್?” ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ನನ್ನ ಹೆಂಡತಿ ನೀಲವ್ವ ತೀರಿಕೊಂಡು ಎಂಟು ತಿಂಗಳಾಯಿತು. ಸುಮ್ಮನೆ ಕೂತರೆ ಮನೆ ದೊಡ್ಡದಾಗುತ್ತದೆ. ಬರೆಯುತ್ತ ಕೂತರೆ ಸ್ವಲ್ಪ ಸಣ್ಣದಾಗುತ್ತದೆ.

ಮೂರು ವಾರದಿಂದ ನಮ್ಮ ಪಡಸಾಲೆಯಲ್ಲಿ ಒಂದು ದೊಡ್ಡ ಚಿತ್ರ ಗೋಡೆಗೆ ಒರಗಿ ನಿಂತಿದೆ. ಅದರ ಮೇಲೆ ನನ್ನದೊಂದು ಹಳೇ ಧೋತರ ಹೊದಿಸಿದ್ದೇನೆ. ಬರೆದವಳು ಸವಿತಾ. ಬಾಗಲಕೋಟೆ ನವನಗರದ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ, ಕೆಲವು ವರ್ಷ ನನ್ನ ಬಳಿಯೂ ಕಲಿತಳು. ಚಿತ್ರದಲ್ಲಿ ಇರುವವಳು ನೀಲವ್ವ. ಕಾಯಿಲೆಯ ದಿನಗಳಲ್ಲಿ, ಸ್ನಾನ ಮುಗಿಸಿ, ನೈಟಿಯ ಮೇಲೆ ಟವೆಲ್ ಹೊದ್ದು, ಹಿತ್ತಲ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಳೆ. ಹಣೆಯಲ್ಲಿ ಕುಂಕುಮ ಇಲ್ಲ. ಸ್ನಾನ ಆಗಿದೆ, ಕುಂಕುಮ ಇಟ್ಟುಕೊಳ್ಳುವುದು ಇನ್ನೂ ಆಗಿಲ್ಲ, ಆ ನಡುವಿನ ಹೊತ್ತು ಅದು.

ಬಾಗಲಕೋಟೆಯ ಒಂದು ಪ್ರದರ್ಶನಕ್ಕೆ ಈ ಚಿತ್ರ ಆಯ್ಕೆಯಾಗಿದೆ. ನಾನು ಒಪ್ಪಿದರೆ ಮಾತ್ರ ಕಳಿಸುವುದಾಗಿ ಹೇಳಿ ಸವಿತಾ ತಂದು ಇಟ್ಟು ಹೋದಳು. ಆದರೆ ನೀಲವ್ವನ ತಂಗಿ ಗಂಗವ್ವ ಇಳಕಲ್ಲಿನಿಂದ ಬಂದವಳು ಇದನ್ನು ನೋಡಿ ಕೆಂಡವಾದಳು. ಅಕ್ಕ ಮುತ್ತೈದೆಯಾಗಿ ಸತ್ತವಳು, ಬರಿದಾದ ಹಣೆ ಜನರ ಕಣ್ಣಿಗೆ ಬೀಳಬಾರದು ಎಂಬುದು ಆಕೆಯ ಮಾತು. ಕಳಿಸಲೇಬೇಕೆಂದಿದ್ದರೆ ನಾನೇ ಬ್ರಶ್ ಹಿಡಿದು ಅದರ ಮೇಲೆ ಕುಂಕುಮ ಇಡಬೇಕಂತೆ. ಐದು ನಿಮಿಷದ ಕೆಲಸ. ಜೀವನಪೂರ್ತಿ ನಾನು ಮಾಡಿದ್ದೂ ಅದನ್ನೇ. ಆದರೂ ಮೂರು ವಾರದಿಂದ ಬ್ರಶ್ ಮುಟ್ಟಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ನನ್ನ ಕೆಲಸ ಎಂಥದಿತ್ತು ಎಂಬುದನ್ನು ಮೊದಲು ಹೇಳಬೇಕು.

ನಾನು ಕೆಲಸ ಕಲಿತದ್ದು ಹಳೇ ಬಾಗಲಕೋಟೆಯ ಬಜಾರದಲ್ಲಿ. ಆ ಜಾಗಕ್ಕೆ ಈಗ ಆಣೆಕಟ್ಟಿನ ಹಿನ್ನೀರು ಬಂದಿದೆ. ನನ್ನ ಗುರುಗಳನ್ನು ಊರೆಲ್ಲ ಮಾಸ್ತರ ಎಂದೇ ಕರೆಯುತ್ತಿತ್ತು, ಆದರೆ ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಮೈಬಣ್ಣ ಕಲಸಿದಾಗ ಅದು ಸರಿ ಇದೆಯೋ ಇಲ್ಲವೋ ಎಂದು ತಮ್ಮ ಎಡಗೈ ತೋಳಿನ ಒಳಬದಿಗೆ ಒಂದು ಗೆರೆ ಎಳೆದು ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ತೋಳಿನ ಮೇಲೆ ನಾಲ್ಕೈದು ಜನ ಸತ್ತವರ ಬಣ್ಣ ಇರುತ್ತಿತ್ತು. ಅದನ್ನು ತೊಳೆದುಕೊಂಡೇ ಊಟಕ್ಕೆ ಏಳುತ್ತಿದ್ದರು.

ಅವರು ಕಲಿಸಿದ ಮೊದಲ ಪಾಠ ಬಣ್ಣದ್ದಲ್ಲ. “ನೋಡಲೇ ಈರಪ್ಪ, ಸತ್ತಾವ್ರು ನಮ್ಮ ಗಿರಾಕಿ ಅಲ್ಲ. ಅಳಾವ್ರು ನಮ್ಮ ಗಿರಾಕಿ” ಎಂದರು.

ಎರಡನೆಯ ಪಾಠ: “ಎರಡೂ ಕಣ್ಣು ಸಮ ಇರಬೇಕು. ಶಿವ ಒಂದೀಟು ಅವಸರ ಮಾಡಿರ್ತಾನ. ತಿದ್ದೂದು ನಮ್ಮ ಕೆಲಸ.”

ಹಾಗೆ ನಾವು ತಿದ್ದುತ್ತಿದ್ದೆವು. ಗಂಡಸಾದರೆ ಕೋಟು, ತಲೆಗೆ ರುಮಾಲು. ಹೆಂಗಸಾದರೆ ಮೂಗಿಗೆ ನತ್ತು, ಕೊರಳಿಗೆ ಬೋರಮಾಳ, ಇಳಕಲ್ ಸೀರೆಯ ಸೆರಗು, ಮುತ್ತೈದೆಯಾಗಿ ಸತ್ತಿದ್ದರೆ ಹಣೆಯ ತುಂಬ ಕುಂಕುಮ. ಬದುಕಿದ್ದಾಗ ಕೋಟಿನ ಗುಂಡಿ ಮುಟ್ಟದವರು ಕೂಡ ನಮ್ಮ ಅಂಗಡಿಯಿಂದ ಕೋಟು ಹಾಕಿಕೊಂಡೇ ಮನೆಗೆ ಹೋಗುತ್ತಿದ್ದರು. ಎಷ್ಟೋ ಜನರ ಬದುಕಿನ ಒಂದೇ ಒಂದು ಫೋಟೋ ಎಂದರೆ, ಸತ್ತ ಮೇಲೆ ಕುರ್ಚಿಯಲ್ಲಿ ಕೂಡಿಸಿ, ಹಾರ ಹಾಕಿ ತೆಗೆದದ್ದು. ಅದರ ಮುಚ್ಚಿದ ಕಣ್ಣನ್ನು ನಾವು ತೆರೆಯಬೇಕಿತ್ತು. ಈ ಕೆಲಸಕ್ಕೆ ‘ಕಣ್ಣು ಬಿಡಿಸೋದು’ ಎನ್ನುತ್ತಿದ್ದೆವು.

ಒಮ್ಮೆ ನಾನು ಹೀಗೆ ಕಣ್ಣು ಬಿಡಿಸಿದ ಮುದುಕನ ಚಿತ್ರವನ್ನು ಆತನ ಹೆಂಡತಿ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಇವ್ರು ಯಾರನ್ನ ನೋಡಾಕತ್ತಾರ್ರಿ?”

“ನಿಮ್ಮನ್ನ ನೋಡಾಕತ್ತಾರ್ರಿ ಅಮ್ಮಾರ.”

“ಇಲ್ರಿ. ನನ್ನ ನೋಡಿದ್ರ ಒಂದು ಕಣ್ಣು ಬಾಗಲಾ ಕಡೆ ಇರ್ತಿತ್ತು.”

ಆತನಿಗೆ ಮೆಳ್ಳೆಗಣ್ಣಿತ್ತು. ನನಗೆ ಯಾರೂ ಹೇಳಿರಲಿಲ್ಲ. ಚಿತ್ರವನ್ನು ಮರಳಿ ತಂದು ಒಂದು ಕಣ್ಣನ್ನು ಬಾಗಿಲ ಕಡೆ ಸರಿಸಿದೆ. ಮಾಸ್ತರರಿಗೆ ಗೊತ್ತಾಗಿ, “ಸರಿ ಇದ್ದದ್ದನ್ನ ಕೆಡಿಸಿ ಬಂದ್ಯಾ?” ಎಂದು ಎರಡು ದಿನ ಮಾತು ಬಿಟ್ಟರು.

ನನ್ನ ಅತಿ ದೊಡ್ಡ ತಪ್ಪು ನಡೆದದ್ದು ಇಳಕಲ್ಲಿನಲ್ಲಿ. ಆಗಷ್ಟೇ ಹುನಗುಂದದಲ್ಲಿ ಸ್ವಂತ ಅಂಗಡಿ ಹಾಕಿದ್ದೆ. ಒಬ್ಬ ಹಿರಿಯ ನೇಕಾರರು ತಮ್ಮ ತಾಯಿಯ ಚಿತ್ರ ಬರೆಸಿದರು. ಮುಖ ಚೆನ್ನಾಗಿ ಬಂದಿತ್ತು. ಚಿತ್ರ ತೆಗೆದುಕೊಂಡು ಹೆಮ್ಮೆಯಿಂದ ಅವರ ಮನೆಗೆ ಹೋದೆ. ಅವರು ಚಷ್ಮಾ ಹಾಕಿಕೊಂಡು ನೋಡಿದರು. ತಾಯಿಯ ಮುಖ ಬಿಟ್ಟು ಸೆರಗನ್ನೇ ನೋಡುತ್ತ ನಿಂತರು.

“ಮಾರಿ ಹಂಗಿರ್ಲಿ ತಮ್ಮಾ. ಈ ಸೀರಿ ಯಾವ ಊರಾಗ ನೇಯ್ದಾರ?”

“ಇಳಕಲ್ ಸೀರೀರಿ.”

“ಇಳಕಲ್ಲಾಗ ಇಂಥಾದ್ದು ನೇಯೂದು ನನಗ ಗೊತ್ತಿಲ್ಲ ನೋಡು.”

ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳು ಎರಡು ಬದಿಯಿಂದ ಎದುರುಬದುರಾಗಿ ಬರುತ್ತವೆ. ನಾನು ಎಲ್ಲ ತೆನೆಗಳನ್ನೂ ಒಂದೇ ಕಡೆಗೆ ಮುಖ ಮಾಡಿಸಿದ್ದೆ. ಅದೂ ಹೋಗಲಿ, ಸೀರೆಯ ಒಡಲಿನ ದಾರ ಬೇರೆ, ಸೆರಗಿನ ದಾರ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ನನ್ನ ಚಿತ್ರದಲ್ಲಿ ಒಡಲು ಮುಗಿಯುವ ಮೊದಲೇ ಸೆರಗು ಶುರುವಾಗಿತ್ತು. ಮಗ್ಗದ ಬಳಿ ಕೂತು ಕೊಂಡಿ ಹಾಕುತ್ತಿದ್ದ ಅವರ ಹಿರಿಯ ಮಗಳು ತಲೆ ಎತ್ತದೇ ಹೇಳಿದಳು: “ಅಪ್ಪಾ, ಆ ಸೀರಿ ಉಟ್ರ ಮೂರನೇ ದಿನಕ್ಕ ಸೆರಗ ಕೈಗೆ ಬರ್ತೈತಿ. ಅಜ್ಜಿ ಸ್ವರ್ಗದಾಗ ಮರ್ಯಾದಿ ಕಳಕೊಳ್ಳೂದು ಬ್ಯಾಡ.”

ಅವಳೇ ನೀಲವ್ವ. ಆ ದಿನ ಸಂಜೆಯವರೆಗೆ ನನ್ನನ್ನು ಮಗ್ಗದ ಬಳಿ ಕೂಡಿಸಿ ಸೆರಗು ಹೇಗಿರುತ್ತದೆ ಎಂದು ತೋರಿಸಿದರು. ತೆನೆ ಕಲಿತೆನೋ ಇಲ್ಲವೋ, ಮರುವರ್ಷ ಆ ಮನೆಯ ಅಳಿಯನಾದೆ.

ಮದುವೆಯಾದ ಮೇಲೆ ನನ್ನ ಮೇಲಧಿಕಾರಿ ಬದಲಾದರು ಎಂದೇ ಹೇಳಬೇಕು. ಚಿತ್ರ ಮುಗಿದ ಕೂಡಲೇ ನೀಲವ್ವ ಕೈ ಒರೆಸಿಕೊಳ್ಳುತ್ತ ಬಂದು ಎದುರು ನಿಲ್ಲುತ್ತಿದ್ದಳು. ಬಣ್ಣ, ಗೆರೆ ಎಂಬ ಮಾತು ಆಕೆಯ ಬಾಯಲ್ಲಿ ಬರುತ್ತಿರಲಿಲ್ಲ. “ಇವ್ರು ಈಗರ ಮಾತಾಡಿ ಬಾಯಿ ಮುಚ್ಯಾರ” ಎಂದರೆ ಪಾಸು. “ಇವ್ರಿಗೆ ಕೂತ್ಕೋ ಅಂತ ಯಾರೂ ಅಂದಿಲ್ಲ” ಎಂದರೆ ಫೇಲು. ಫೇಲಾದವರ ಸಂಖ್ಯೆಯೇ ಹೆಚ್ಚಿತ್ತು. ಆದರೂ ಮನೆಯವರು ಒಪ್ಪಿಕೊಂಡು ಒಯ್ಯುತ್ತಿದ್ದರು. ಅಳುವವರು ಗಿರಾಕಿ ಎಂಬ ಮಾಸ್ತರರ ಮಾತು ಖರೆ ಇತ್ತು.

ಒಂದು ಪ್ರಸಂಗ ಮಾತ್ರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹತ್ತಿರದ ಹಳ್ಳಿಯ ಅಣ್ಣತಮ್ಮಂದಿರು ತಂದೆಯ ಚಿತ್ರ ಬೇಕೆಂದು ಬಂದರು. ಅವರಲ್ಲಿದ್ದದ್ದು ಮತದಾರರ ಚೀಟಿಯ ಫೋಟೋ ಒಂದೇ, ಹೆಬ್ಬೆರಳ ಉಗುರಿನಷ್ಟು. ಅದರಲ್ಲಿ ಮುಖವೆಂದರೆ ಎರಡು ಕಪ್ಪು ಚುಕ್ಕೆ, ಒಂದು ಮೀಸೆ. ಅಣ್ಣ ಮೂಗು ಗಿಣಿಮೂಗು ಎಂದ. ತಮ್ಮ ಮೊಂಡಮೂಗು ಎಂದ. ಅವರ ಜಗಳ ಮುಗಿಯುವ ಹಾಗೆ ಕಾಣಲಿಲ್ಲವಾದ್ದರಿಂದ ನನಗೆ ತಿಳಿದಂತೆ ಗಂಭೀರವಾದ ಒಂದು ಮುಖ ಬರೆದು, ರುಮಾಲು ಸುತ್ತಿ ಕೊಟ್ಟೆ. ಅವರು ಸಂತೋಷದಿಂದ ಒಯ್ದರು.

ಎರಡು ವರ್ಷದ ಮೇಲೆ ಅದೇ ಅಣ್ಣತಮ್ಮಂದಿರು ಮತ್ತೆ ಬಂದರು. ಯಾವುದೋ ಮದುವೆಯ ಫೋಟೋದಲ್ಲಿ ತಂದೆ ಸ್ಪಷ್ಟವಾಗಿ ನಿಂತದ್ದು ಸಿಕ್ಕಿತ್ತು. ಆ ಮುಖಕ್ಕೂ ನಾನು ಬರೆದದ್ದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅಣ್ಣ ಫೋಟೋ ಮುಂದಿಟ್ಟು ಹೇಳಿದ: “ಇದರಾಗ ಅಪ್ಪ ಅಪ್ಪನಂಗ ಬಂದಿಲ್ರಿ. ನಿಮ್ಮ ಚಿತ್ರ ನೋಡಿ ಈ ಫೋಟೋ ಒಂದೀಟು ತಿದ್ದಿ ಕೊಡ್ರಿ.”

ಮನೆಗೆ ಬಂದು ಇದನ್ನು ಹೇಳಿಕೊಂಡು ನಾನು ಹೊಟ್ಟೆ ಹಿಡಿದು ನಕ್ಕೆ. ನೀಲವ್ವ ನಗಲಿಲ್ಲ. ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು: “ಹಂಗಾದ್ರ ಆ ಖರೇ ಅಪ್ಪ ಎಲ್ಲಿ ಹ್ವಾದ್ರಿ?”

ಆಮೇಲೆ ಕಾಲ ಬದಲಾಯಿತು. ಫ್ಲೆಕ್ಸ್ ಅಂಗಡಿಗಳು ಬಂದವು. ಒಂದು ತಾಸಿನಲ್ಲಿ ಆಳೆತ್ತರದ ಶ್ರದ್ಧಾಂಜಲಿ ಸಿದ್ಧವಾಗತೊಡಗಿತು. ಕಂಪ್ಯೂಟರಿನವರು ಸತ್ತವರ ತಲೆಯನ್ನು ಯಾರದೋ ಸೂಟಿನ ಮೇಲೆ ಇಟ್ಟು ಬಿಡುತ್ತಾರೆ ಎಂದು ನಾನು ಬೈಯುತ್ತಿದ್ದೆ. ನೀಲವ್ವ, “ನೀವೇನ ಮಾಡ್ತಿದ್ರಿ? ನಿಮ್ಮದು ಎರಡು ವಾರ ಹಿಡೀತಿತ್ತು, ಅಷ್ಟ ಫರಕು” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಂಗಡಿಗೆ ಗಿರಾಕಿಗಳು ಬರುವುದು ಕಡಿಮೆಯಾದ ಆ ದಿನಗಳಲ್ಲೇ ಒಮ್ಮೆ ಸವಿತಾ ನಮ್ಮ ಮನೆಗೆ ಬಂದಳು. ಮೂವತ್ತರ ಆಸುಪಾಸಿನ ವಯಸ್ಸು, ಹೆಗಲಿಗೆ ದೊಡ್ಡ ಚೀಲ. ಚಿತ್ರಕಲೆಯ ಡಿಪ್ಲೊಮಾ ಮುಗಿಸಿದವಳು.

“ಸರ್, ಅಮೀನಗಡದಾಗ ಒಬ್ಬರ ಮನಿಯಾಗ ನಿಮ್ಮ ಹಳೇ ಚಿತ್ರ ನೋಡಿದೆ. ಅದರಾಗ ಕಿವಿ ಕೆಳಗ ಕೊಳ್ಳು ಶುರುವಾಗೂ ಜಾಗ ಐತೆಲ್ಲ, ಅದನ್ನ ಹೆಂಗ ಮಾಡೀರಿ ಅಂತ ಕಲಿಬೇಕಾಗಿತ್ತು.”

“ಮಾರಿ ಹೆಂಗ ಬಂದಿತ್ತವಾ?”

ಆಕೆ ಹೆಗಲ ಚೀಲ ಸರಿಪಡಿಸಿಕೊಂಡು, “ಕೊಳ್ಳು ಭಾಳ ಛಲೋ ಐತ್ರಿ ಸರ್” ಎಂದಳು. ಒಳಗಿನಿಂದ ನೀಲವ್ವ ನಕ್ಕದ್ದು ಇಬ್ಬರಿಗೂ ಕೇಳಿಸಿತು. ಅಂದಿನಿಂದ ಅವರಿಬ್ಬರೂ ಒಂದು ಪಕ್ಷ.

ಮಾಸ್ತರರಿಂದ ಕಲಿತದ್ದನ್ನೆಲ್ಲ ನಾನು ಸವಿತಾಗೆ ಕೊಟ್ಟೆ. ಮೈಬಣ್ಣವನ್ನು ಒಮ್ಮೆಲೇ ಮೆತ್ತಬಾರದು. ಮೊದಲು ತೆಳ್ಳಗೆ ಹಸಿರು ಬೂದು, ಅದು ಒಣಗಿದ ಮೇಲೆ ಮಣ್ಣಿನ ಕೆಂಪು, ಅದರ ಮೇಲೆ ಹಳದಿ. ಕೆಳಗಿನದು ಮೇಲಿನದರೊಳಗಿಂದ ಇಣುಕಬೇಕು. ರಕ್ತ ಚರ್ಮದ ಕೆಳಗೆ ಇರುತ್ತದೆ, ಮೇಲೆ ಇರುವುದಿಲ್ಲ. ಇಷ್ಟನ್ನು ಆಕೆ ಒಂದು ವರ್ಷದಲ್ಲಿ ಕಲಿತಳು. ಆಕೆಯಿಂದ ನಾನು ಕಲಿತದ್ದಕ್ಕೆ ಇನ್ನೂ ಹೆಚ್ಚು ಕಾಲ ಬೇಕಾಯಿತು.

ಆಕೆ ತಂದ ಮೊದಲ ದೊಡ್ಡ ಚಿತ್ರ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ನಡುವಯಸ್ಸಿನ ಗಂಡಸು ಬೆಂಚಿನ ಮೇಲೆ ಮಲಗಿದ್ದಾನೆ. ಚಪ್ಪಲಿ ತಲೆಯ ಕೆಳಗೆ. ಎದೆಯ ಮೇಲೆ ದವಾಖಾನೆಯ ಪ್ಲಾಸ್ಟಿಕ್ ಫೈಲು. ಬಾಯಿ ಅರ್ಧ ತೆರೆದಿದೆ.

“ಇದರಾಗ ಏನೈತವಾ ಬರಿಯಾಂಥಾದ್ದು?” ಎಂದೆ. “ಬಾಯಿ ಮುಚ್ಚಿಸಬೇಕಿತ್ತು. ಯಾರು ಇಂವ?”

“ಗೊತ್ತಿಲ್ರಿ ಸರ್.”

ಯಾರೆಂದು ಗೊತ್ತಿಲ್ಲದವನನ್ನು ಇಷ್ಟು ದೊಡ್ಡದಾಗಿ ಬರೆಯುವುದು ನನಗೆ ಹುಚ್ಚೆನಿಸಿತು. ಚಿತ್ರ ವಾರವಿಡೀ ನಮ್ಮ ಮನೆಯಲ್ಲೇ ಒಣಗುತ್ತಿತ್ತು. ಹೋಗುತ್ತ ಬರುತ್ತ ಕಣ್ಣಿಗೆ ಬೀಳುತ್ತಿತ್ತು. ನಾಲ್ಕನೇ ದಿನ ಆತನ ಕೈಗಳನ್ನು ನೋಡಿದೆ. ಆಸಾಮಿಗೆ ಗಾಢ ನಿದ್ದೆ, ಆದರೆ ಹತ್ತೂ ಬೆರಳು ಆ ಫೈಲನ್ನು ಗಟ್ಟಿಯಾಗಿ ಹಿಡಿದಿವೆ. ಬೆರಳು ಮಾತ್ರ ಎಚ್ಚರ ಇವೆ. ನಾನು ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ. ಫೈಲಿನೊಳಗೆ ಯಾರ ಹೆಸರಿರಬಹುದು ಎಂದು ಯೋಚಿಸುತ್ತ ಚಹಾ ಆರಿಸಿಬಿಟ್ಟೆ. ನಾನು ಬರೆದ ನೂರಾರು ಮುಖಗಳಲ್ಲಿ ಒಂದರ ಮುಂದೆಯೂ ಯಾರೂ ಹೀಗೆ ಯೋಚಿಸುತ್ತ ಕೂತಿರಲಿಕ್ಕಿಲ್ಲ. ಯೋಚಿಸಲು ನಾನು ಏನನ್ನೂ ಉಳಿಸಿರುತ್ತಿರಲಿಲ್ಲ.

ಆಮೇಲೆ ಸವಿತಾ ಮೊಬೈಲಿನಲ್ಲಿ ಈಗಿನ ಚಿತ್ರಕಾರರು ಬರೆದ ಮನುಷ್ಯರ ಚಿತ್ರಗಳನ್ನು ತೋರಿಸುತ್ತ ಬಂದಳು. ಒಂದೇ ಫೋನಿಗೆ ತಲೆ ಕೊಟ್ಟು ನಿಂತ ಮೂರು ಶಾಲಾ ಹುಡುಗಿಯರು. ಕಟಿಂಗ್ ಅಂಗಡಿಯಲ್ಲಿ ಗಿರಾಕಿ ಇಲ್ಲದೆ ತನ್ನನ್ನೇ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿರುವವನು. ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಅಳುತ್ತಿರುವ ತರುಣ. ನಮ್ಮ ಕಾಲದಲ್ಲಿ ಚಿತ್ರದೊಳಗೆ ಬರಬೇಕಾದರೆ ಒಂದೋ ದೇವರಾಗಬೇಕಿತ್ತು, ಇಲ್ಲವೇ ಸಾಯಬೇಕಿತ್ತು. ಇವರೆಲ್ಲ ಬದುಕಿರುವಾಗಲೇ ಬಂದುಬಿಟ್ಟಿದ್ದಾರಲ್ಲ ಎಂದು ನನಗೆ ಖುಷಿಯಾಗತೊಡಗಿತು.

ಎಲ್ಲವೂ ಛಲೋ ಇವೆ ಎಂದು ನಾನು ಹೇಳುವುದಿಲ್ಲ. ಕೆಲವರು ದವಡೆಯ ಎಲುಬು ಎಲ್ಲಿದೆ ಎಂದು ತಿಳಿಯದೆ ಮುಖಕ್ಕೆ ನೀಲಿ ಬಳಿದು ಪಾರಾಗುತ್ತಾರೆ. ಕೆಲವರು ಕೈ ಬರೆಯಲು ಬಾರದೆ ಎಲ್ಲರ ಕೈಯನ್ನೂ ಜೇಬಿನಲ್ಲಿ ಇಡಿಸುತ್ತಾರೆ. ಚಿತ್ರ ದೊಡ್ಡದಾದರೆ ತಪ್ಪೂ ದೊಡ್ಡದಾಗುತ್ತದೆ. ಈ ಕೆಲಸಕ್ಕೆ ಬರುವವರು ಮೊದಲು ಕೈ ಬರೆಯುವುದನ್ನು ಕಲಿಯಿರಿ. ಮುಖ ಸುಳ್ಳು ಹೇಳೀತು, ಕೈಗೆ ಅಷ್ಟು ಬುದ್ಧಿ ಇಲ್ಲ.

ಒಮ್ಮೆ ನಾವು ಮೂವರೂ ಬಾದಾಮಿಗೆ ಹೋದೆವು. ಚಿತ್ರ ಬರೆಯುವವರು ಅಲ್ಲಿಗೆ ಹೋದರೆ ಗುಹೆ, ಕಂಬ, ಕೆಂಪು ಬಂಡೆ ಬರೆಯುತ್ತಾರೆ. ನಾನೂ ಅದಕ್ಕೇ ಕೂತೆ. ಸವಿತಾ ಗುಹೆಗಳಿಗೆ ಬೆನ್ನು ಮಾಡಿ, ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರನ್ನು ಬರೆಯುತ್ತಿದ್ದಳು.

“ಸಾವಿರ ವರ್ಷದ ಶಿಲ್ಪ ಹಿಂದ ಬಿಟ್ಟು ಅರಿವಿ ಒಗಿಯೂದು ಬರೀತೀಯೇನವಾ?” ಎಂದೆ.

“ಅವು ಇನ್ನೂ ಸಾವಿರ ವರ್ಷ ಇರ್ತಾವ್ರಿ ಸರ್. ಇವ್ರು ಹನ್ನೊಂದಕ್ಕ ಮನಿಗೆ ಹೋಗ್ತಾರ.”

ಮರಳುವಾಗ ಬನಶಂಕರಿಯಲ್ಲಿ ಊಟಕ್ಕೆ ಕೂತೆವು. ಬುಟ್ಟಿ ಹೊತ್ತು ರೊಟ್ಟಿ, ಪಲ್ಯ, ಮೊಸರು ಮಾರುವ ಒಬ್ಬ ಹೆಂಗಸು ಮರದ ಕೆಳಗೆ ಬುಟ್ಟಿ ಇಳಿಸಿದಳು. ಆಕೆ ಫೋನನ್ನು ಕಿವಿ ಮತ್ತು ತಲೆಯ ಮೇಲಿನ ಸೆರಗಿನ ನಡುವೆ ಸಿಕ್ಕಿಸಿಕೊಂಡು ಮಾತಾಡುತ್ತ, ಎರಡೂ ಕೈಯಿಂದ ನಮಗೆ ಬಡಿಸಿದಳು. ಸವಿತಾ ಊಟ ಬಿಟ್ಟು ಗೀಚತೊಡಗಿದಳು.

“ಫೋನ್ ತೆಗದು ಬರಿ. ಚಿತ್ರ ಕೆಡತೈತಿ” ಎಂದೆ.

“ಫೋನ್ ತೆಗದ್ರ ಆಕಿ ಯಾರ ಜೋಡಿ ಮಾತಾಡಾಕತ್ತಾಳ್ರಿ ಸರ್?”

ನೀಲವ್ವ ನಕ್ಕು ನಕ್ಕು ಮೊಸರು ಚೆಲ್ಲಿಕೊಂಡಳು. ರೊಟ್ಟಿಯವಳೂ ಚಿತ್ರ ನೋಡಿದಳು. ಅದರಲ್ಲಿ ತನ್ನ ಫೋನೂ ಇರುವುದನ್ನು ನೋಡಿ ಸಮಾಧಾನಪಟ್ಟು, “ಮಗಳ ಜೋಡಿ ಮಾತಾಡಾಕತ್ತಿದ್ದೆ, ಅದನ್ನೂ ಬರಕೋರಿ” ಎಂದಳು.

ಆ ಮರುವರ್ಷ ನೀಲವ್ವನಿಗೆ ಕಾಯಿಲೆ ಬಂತು. ಬಾಗಲಕೋಟೆಯ ದವಾಖಾನೆಗೆ ಹೋಗುವುದು ಬರುವುದು ನಮ್ಮ ನಿತ್ಯದ ಕೆಲಸವಾಯಿತು. ಔಷಧಕ್ಕೆ ಕೂದಲು ಉದುರಿ, ಆಮೇಲೆ ಗಿಡ್ಡಗೆ ಬೆಳೆಯಿತು. ಒಂದು ರವಿವಾರ ನೋಡಲು ಬಂದ ಸವಿತಾಗೆ ತಾನೇ ಹೇಳಿದಳು: “ಏ ಸವಿತಾ, ನನ್ನ ಚಿತ್ರ ಬರಿ. ನಿಮ್ಮ ಸರ್ ಬರದ್ರ ನನ್ನ ವಯಸ್ಸು ಇಪ್ಪತ್ತು ವರ್ಷ ಕಡಿಮಿ ಮಾಡ್ತಾರ, ಬಂಗಾರ ಹತ್ತು ತೊಲಿ ಹೆಚ್ಚು ಮಾಡ್ತಾರ. ಆಮ್ಯಾಲ ನಮ್ಮ ತಂಗಿ ಬಂಗಾರ ಹುಡಕ್ಕೋತ ಬರ್ತಾಳ.”

“ಯಾವಾಗ ಕೂಡ್ತೀರಿ ಕಾಕು?”

“ಜಳಕಾ ಮಾಡಿದ ಮ್ಯಾಲ ಒಂದೀಟು ಹೊತ್ತು ಮೈ ಹಗುರಿರ್ತೈತಿ. ಆಗ ಬಾ.”

ಐದಾರು ರವಿವಾರ ಸವಿತಾ ಬಂದಳು. ನನಗೆ ಹಿತ್ತಲ ಕಡೆ ಬರಲು ಅಪ್ಪಣೆ ಇರಲಿಲ್ಲ, ಚಹಾ ಮಾಡುವುದು ನನ್ನ ಪಾಲಿನ ಕೆಲಸ. ಅವರಿಬ್ಬರ ನಗು ಕೇಳಿಸುತ್ತಿತ್ತು. ಕೊನೆಯ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು ದೂರದಿಂದ ಒಮ್ಮೆ ಚಿತ್ರವನ್ನು ನೋಡಿದೆ. ಗಿಡ್ಡ ಕೂದಲು, ಸೋತ ಕಾಲು, ಬರಿದಾದ ಹಣೆ. ತಡೆಯಲಾಗದೆ ಒಳಗೆ ಹೋದೆ. ನೀಲವ್ವ ಮಾತ್ರ ಚಿತ್ರದ ಎದುರು ನಿಂತು, ಅದರೊಳಗಿನವಳಿಗೆ ಬೆರಳು ತೋರಿಸಿ ತೀರ್ಪು ಕೊಟ್ಟಳು: “ಪಾಪ, ಈಕಿಗೊಂದು ಚಾ ಕೊಡ್ರಿ.”

ಪಾಸು ಎಂದು ನನಗೆ ಅರ್ಥವಾಯಿತು. ಆದರೆ ಮತ್ತೆ ಆ ಚಿತ್ರ ನೋಡುವ ಧೈರ್ಯ ಬರಲಿಲ್ಲ. ಸವಿತಾ ಅದನ್ನು ನವನಗರಕ್ಕೆ ಒಯ್ದಳು. ಎರಡು ತಿಂಗಳಿಗೆ ನೀಲವ್ವ ಹೋದಳು.

ಕ್ರಿಯಾಕರ್ಮ ಮುಗಿದ ಮೇಲೆ ಬಂಧುಗಳು ಗೋಡೆಗೆ ಒಂದು ಚಿತ್ರ ಬೇಕೆಂದರು. ನಾನು ಬಲ್ಲ ರೀತಿಯಲ್ಲಿ ಬರೆದೆ. ಹಳೇ ಫೋಟೋ, ಇಳಕಲ್ ಸೀರೆ, ನತ್ತು, ಹಣೆತುಂಬ ಕುಂಕುಮ. ಸೆರಗಿನ ತೆನೆಗಳು ಈ ಸಲ ಸರಿಯಾಗಿದ್ದವು. ಎಲ್ಲರೂ ಮೆಚ್ಚಿದರು. ಆದರೆ ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕಣ್ಣು ಮುಚ್ಚಿ ನೀಲವ್ವನನ್ನು ನೆನೆದರೆ ಆ ಗೋಡೆಯ ಚಿತ್ರವೇ ಎದುರು ಬಂದು ನಿಂತಿತು. ನಕ್ಕಾಗ ಆಕೆಯ ಕೆಳತುಟಿ ಯಾವ ಕಡೆ ಸರಿಯುತ್ತಿತ್ತು? ಎಷ್ಟು ನೆನೆದರೂ ಹೊಳೆಯಲಿಲ್ಲ. ಆ ಅಣ್ಣತಮ್ಮಂದಿರಿಗೆ ನಾನು ಮಾಡಿದ್ದು ಏನೆಂದು ಅವತ್ತು ತಿಳಿಯಿತು.

ಸವಿತಾ ಚಿತ್ರ ತಂದು ಇಟ್ಟುಹೋದದ್ದು ಇದಾದ ಮೇಲೆ. ಅದರ ಮರುದಿನವೇ ಗಂಗವ್ವ ಬಂದದ್ದು. ಗಂಗವ್ವನ ಗಂಡ ತೀರಿಕೊಂಡು ಆರು ವರ್ಷ. ಧೋತರ ಸರಿಸಿ ನೋಡಿದವಳೇ ಕೈಯಲ್ಲಿದ್ದ ಚೀಲ ಕೆಳಗೆ ಬಿಟ್ಟಳು.

“ಮಾಮಾ, ಏನ್ರಿ ಇದು? ಆಕಿ ಹಣಿ ನನ್ನ ಹಣಿಯಂಗ ಮಾಡಿಟ್ಟಾಳಲ್ರಿ ಆ ಹುಡಿಗಿ!”

“ಜಳಕಾ ಮಾಡಿ ಕೂತಾಳ ಗಂಗವ್ವ, ಕುಂಕುಮ ಇನ್ನೂ...”

“ನೋಡಿದಾವ್ರಿಗೆ ಅದೇನ ಗೊತ್ತು? ಈ ಚಿತ್ರದಾಗ ನಮ್ಮಕ್ಕ ವಿಧವಿ. ಅಂದ್ರ ಸತ್ತಾವ್ರು ನೀವು!”

“ಹಂಗಾದ್ರ ಆಕಿಗೆ ಚಾ ಮಾಡಿ ಕೊಟ್ಟಾವ್ರು ಯಾರು?”

“ನಗಬ್ಯಾಡ್ರಿ ಮಾಮಾ.” ಆಕೆ ಚಿತ್ರಕ್ಕೆ ಬೆನ್ನು ಮಾಡಿ ನಿಂತಳು. “ಮುತ್ತೈದಿಯಾಗಿ ಹೋಗಬೇಕು ಅಂತ ನಾವಿಬ್ಬರೂ ಸಣ್ಣಾವ್ರಿದ್ದಾಗಿಂದ ಬೇಡಿಕೊಂಡಾವ್ರು. ನನಗ ಸಿಗಲಿಲ್ಲ, ಆಕಿಗರ ಸಿಕ್ತು. ಅದನ್ನ ಅಳಿಸಿ ಬಾಗಲಕೋಟಿ ಮಂದಿಗೆ ತೋರಸ್ತೀರೇನು? ನೀವ ಒಂದು ಕುಂಕುಮ ಇಡ್ರಿ. ಊರ ಮಂದಿಗೆಲ್ಲಾ ಇಟ್ಟೀರಿ, ಹೆಂಡ್ತಿಗೆ ಇಡಾಕ ಏನು?”

ಸವಿತಾಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಆಕೆ, “ನಿಮ್ಮ ಕೈಲೆ ಇಡ್ತೀರಂದ್ರ ನಾ ಬ್ಯಾಡ ಅನ್ನಾಂಗಿಲ್ರಿ ಸರ್. ಬ್ರಶ್ ಹಿಡಕೊಂಡು ಹತ್ತಿರ ಹೋದ ಮ್ಯಾಲ ನಿಮಗ ಹೆಂಗ ಅನಸ್ತೈ­ತೋ ಹಂಗ ಮಾಡ್ರಿ” ಎಂದಳು. ಧಾರವಾಡದಲ್ಲಿರುವ ಮಗಳನ್ನು ಕೇಳಿದೆ. “ನಿಮಗ ತಿಳದಂಗ ಮಾಡ್ರಿ ಅಪ್ಪಾ” ಎಂದು ಆಕೆಯೂ ನನ್ನ ಮೇಲೇ ಹಾಕಿದಳು. ಇಲ್ಲಿಯವರೆಗಿನದನ್ನೆಲ್ಲ ನಾನು ಬರೆದದ್ದು ಆ ಮೂರು ವಾರದಲ್ಲಿ.

ನಿನ್ನೆ ಬೆಳಿಗ್ಗೆ ಗಂಗವ್ವ ಮೊದಲ ಬಸ್ಸಿಗೇ ಬಂದಳು. ಕೆಲಸ ಕಣ್ಣಾರೆ ನೋಡಿಯೇ ಹೋಗುತ್ತೇನೆ ಎಂದು ಗೋಡೆಗೆ ಒರಗಿ ಕೂತಳು. ಪ್ರದರ್ಶನಕ್ಕೆ ಕಳಿಸಲು ಎರಡೇ ದಿನ ಉಳಿದಿತ್ತು. ನಾನು ಕೆಂಪು ಕಲಸಿದೆ. ಅದಕ್ಕೆ ತುಸು ಕಂದು ಸೇರಿಸಿದೆ. ನೀಲವ್ವ ಇಟ್ಟುಕೊಳ್ಳುತ್ತಿದ್ದ ಕುಂಕುಮದ ಬಣ್ಣ ನನಗೆ ಗೊತ್ತು. ಧೋತರ ತೆಗೆದೆ. ಚಷ್ಮಾ ಹಾಕಿಕೊಂಡು, ಬ್ರಶ್ ಹಿಡಿದು, ಎಲ್ಲಿ ಇಡಬೇಕೆಂದು ಜಾಗ ನೋಡಲು ಹಣೆಯ ಹತ್ತಿರ ಮುಖ ಒಯ್ದೆ.

ಜಾಗ ಅಲ್ಲಿ ಆಗಲೇ ಇತ್ತು.

ಹುಬ್ಬುಗಳ ನಡುವೆ, ಒಂದಿಷ್ಟು ಮೇಲೆ, ದುಂಡಗೆ ಒಂದು ಕಲೆ. ಸುತ್ತಲಿನ ಚರ್ಮದ ಬಣ್ಣ ಅದಕ್ಕಿರಲಿಲ್ಲ. ಒಳಗೆ ಮಾಸಿದ ಬೂದು, ಅಂಚಿಗೆ ತೆಳುವಾದ ಕಂದು, ಅಲ್ಲಲ್ಲಿ ಸೂಜಿಮೊನೆಯಂಥ ಬಿಳಿ. ದೂರದಿಂದ ಅದು ಕಾಣುವುದಿಲ್ಲ. ಸಣ್ಣವಳಿದ್ದಾಗಿನಿಂದ ದಿನಾ ಬೆಳಿಗ್ಗೆ ಮೇಣ ಹಚ್ಚಿ, ಮೇಲೆ ಕುಂಕುಮ ಒತ್ತಿ, ಮರುದಿನ ಒರೆಸಿ ಮತ್ತೆ ಹಚ್ಚಿದ ಗುರುತು. ಸವಿತಾ ಅದನ್ನು ನಾಲ್ಕೈದು ಪದರಿನಲ್ಲಿ ತೆಳ್ಳಗೆ, ಕೆಳಗಿನದು ಮೇಲಿನದರೊಳಗಿಂದ ಇಣುಕುವಂತೆ ಕೂಡಿಸಿದ್ದಳು. ನೂರಾರು ಹಣೆಗಳ ಮೇಲೆ ಕುಂಕುಮ ಇಟ್ಟ ನಾನು ಅದರ ಕೆಳಗೆ ಏನಿರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನನ್ನ ಹೆಂಡತಿಯ ಹಣೆಯಲ್ಲೂ ನೋಡಿರಲಿಲ್ಲ.

“ಯಾಕ್ರಿ, ಇಡ್ರಲ್ಲ” ಎಂದಳು ಗಂಗವ್ವ.

“ನೀ ಒಂದೀಟು ಇಲ್ಲಿ ಬಾ.”

ಆಕೆ ಗೊಣಗುತ್ತ ಎದ್ದು ಬಂದಳು. ನಾನು ಬ್ರಶ್ಶಿನ ಹಿಡಿಕೆಯಿಂದ ಜಾಗ ತೋರಿಸಿದೆ. ಆಕೆ ಬಾಗಿ ನೋಡಿದಳು. ಇನ್ನೂ ಬಾಗಿದಳು. ಕೈ ತಾನಾಗಿ ತನ್ನ ಹಣೆಗೆ ಹೋಯಿತು. ಹುಬ್ಬಿನವರೆಗೆ ಎಳೆದುಕೊಂಡಿದ್ದ ಸೆರಗಿನೊಳಗೆ ಎರಡು ಬೆರಳು ತೂರಿಸಿ, ಅದು ಅಲ್ಲಿ ಇದೆಯೋ ಇಲ್ಲವೋ ಎಂದು ನೋಡುವವಳ ಹಾಗೆ ಸವರಿಕೊಂಡಳು.

“ಇದು ನನಗೂ ಐತಿ ಮಾಮಾ” ಎಂದಳು. “ಅವತ್ತು ಬಳಿ ಒಡದ್ರು, ಕುಂಕುಮ ಒರಸಿದ್ರು. ಇದನ್ನ ಒರಸಾಕ ಯಾರಿಗೂ ಆಗಲಿಲ್ಲ.”

ಬ್ರಶ್ಶಿನ ಬಣ್ಣ ಒಣಗತೊಡಗಿತ್ತು.

“ಈಗ ಇದರ ಮ್ಯಾಲ ನೀವು ಕುಂಕುಮ ಇಟ್ರ ಇದು ಮುಚ್ಚಿ ಹೋಗ್ತೈತಿ?”

“ಮುಚ್ಚಿ ಹೋಗ್ತೈತಿ.”

“ಹಂಗಾದ್ರ ಬ್ಯಾಡ.” ಮೂಗು ಒರೆಸಿಕೊಂಡು ತಿರುಗಿದಳು. “ಹೋಗ್ಲಿ, ಕಳಸ್ರಿ. ಆದ್ರ ಮಂದಿ ಹತ್ತಿರ ಬಂದು ನೋಡಬೇಕು ಅಂತ ಆ ಹುಡಿಗಿಗೆ ಗಟ್ಟ್ಯಾಗಿ ಹೇಳ್ರಿ. ದೂರ ನಿಂತು ನೋಡಿದ್ರ ನನ್ನಂಗ ಬೈಕೋತ ಹೋಗ್ತಾರ.”

ಬ್ರಶ್ ತೊಳೆದಿಟ್ಟು ಸವಿತಾಗೆ ಫೋನ್ ಹಚ್ಚಿದೆ. ಬಂದು ಒಯ್ಯಿ, ಹೇಗಿದೆಯೋ ಹಾಗೇ ಇದೆ ಎಂದೆ. ಅತ್ತ ಕಡೆಯಿಂದ ಮೂಗು ಸೇದುವ ಸದ್ದು ಬಂತು. ಅಷ್ಟರಲ್ಲಿ ಗಂಗವ್ವ ನನ್ನ ಅಂಗಿಯ ತೋಳು ಜಗ್ಗಿದಳು.

“ಮಾಮಾ, ಆಕಿ ಮತ್ತ ಯಾರನ್ನರ ಬರಿಯಾಕಿ ಅದಾಳೇನು, ಕೇಳ್ರಿ.”

ಕೇಳಿದೆ. ಯಾರು ಕೂಡುತ್ತಾರೆ ಎಂದು ಸವಿತಾ ಕೇಳಿದಳು. ಗಂಗವ್ವ ಎಂದೆ. ಬರುವ ರವಿವಾರವೇ ಬರುತ್ತೇನೆ ಎಂದಳು. ಗಂಗವ್ವ ಚಿತ್ರದ ಕಡೆ ಒಮ್ಮೆ ನೋಡಿ, ಫೋನಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದಳು.

“ಸೆರಗ ಎಷ್ಟು ಹಿಂದ ಸರಸಬೇಕು, ಅದನ್ನೂ ಕೇಳ್ರಿ.”